ಧರೆಯ ಕೆಳಗಿನ ಅಂಕಣ

ಕಾರ್ಗಲ್ಲಿನ ಸುತ್ತಮುತ್ತ ಸಮನಾದ ನೆಲವೆಂಬುದು ದುರ್ಲಭವಾದ ಐಶ್ವರ್ಯ. ಶರಾವತಿಯ ಕೊಳ್ಳದಲ್ಲಿದ್ದ ಗದ್ದೆಬಯಲುಗಳೆಷ್ಟೋ, 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ತಿಯಾದ ಮೇಲೆ, ಜಲಗರ್ಭವನ್ನು ಸೇರಿದುವು. ನಮ್ಮ ಪಾಲಿಗೆ ಉಳಿದದ್ದು ಗುಡ್ಡದ ಓರೆ, ಕಣಿವೆಯ ತೋಟ, ಇವೆರಡರ ನಡುವೆ ಅಡಕೆ ಒಣಗಿಸುವುದಕ್ಕೆಂದು ಹಿರಿಯರು ಕಡಿದಿಟ್ಟುಹೋದ ಅಂಗಳ. ಸುಗ್ಗಿ ಬಂತೆಂದರೆ ಆ ಅಂಗಳದಲ್ಲಿ ಮನುಷ್ಯನಿಗೆ ಕಾಲಿಡಲೂ ಎಡೆಯಿಲ್ಲ. ಆದುದರಿಂದಲೇ, ಮನೆಯ ಹಿಂದಿನ ಇಳಿಜಾರಿನಲ್ಲಿ, ಶಟಲ್ ಆಡುವುದೊಂದಕ್ಕೇ ಮೀಸಲಾದ ಒಂದು ಅಂಕಣವನ್ನು ನನ್ನ ಕೈಯಿಂದಲೇ ಮಾಡಬೇಕೆಂಬ ಆಸೆ ನನ್ನಲ್ಲಿ ಬಹುಕಾಲದಿಂದ ಬೇರುಬಿಟ್ಟಿದ್ದಿತು.

ಆಟಕ್ಕೆ ಬೇಕಾದದ್ದು ಅಲ್ಪ ಸ್ಥಳ: 44 ಅಡಿ ಉದ್ದ, 20 ಅಡಿ ಅಗಲ, ಸುತ್ತ ಓಡಾಡಲು ನಾಲ್ಕು ನಾಲ್ಕು ಅಡಿ. 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದು ಬಂದ ಪ್ರಕಾಶ್ ಪಡುಕೋಣೆಯವರು ಬಾಲ್ಯದಲ್ಲಿ ಅಭ್ಯಾಸ ಮಾಡಿದ್ದು ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆಯ ಸಭಾಂಗಣದಲ್ಲಿ. ಲಗ್ನವಿಲ್ಲದ ದಿನ ಆ ನೆಲ ಆಟಗಾರರದಾಗಿದ್ದಿತು. ನಮ್ಮೂರಿನಲ್ಲಿ ಅಂಥ ನೆಲವನ್ನು ಎರವಲು ಪಡೆಯಲಾಗದು. ಗುಡ್ಡದಿಂದ ಕಡಿದೇ ತೆಗೆಯಬೇಕು.

ಈ ಗುಡ್ಡದ ಮಣ್ಣಾದರೋ ಸುಲಭವಾಗಿ ಒಲಿಯತಕ್ಕದ್ದಲ್ಲ. ಮೇಲೆ ಒಂದಡಿ ದರಕು ಕೊಳೆತ ಕರಿಮಣ್ಣು, ಅದರ ಕೆಳಗೆ ಅಂಟಾದ ಕೆಂಪು ಜೇಡಿ, ಇನ್ನೂ ಕೆಳಗೆ ಜಂಬಿಟ್ಟಿಗೆ. ಕೊಯ್ದು ಬಿಸಿಲಿಗಿಟ್ಟರೆ ಕಲ್ಲಾಗುವ ಈ ಜಂಬಿಟ್ಟಿಗೆಗೆ ಲ್ಯಾಟರೈಟ್ ಎಂಬ ಹೆಸರನ್ನು, ಇಟ್ಟಿಗೆಯೆಂಬರ್ಥದ ಲ್ಯಾಟಿನ್ ಶಬ್ದದಿಂದ ಕೊಟ್ಟವನು ಫ್ರಾನ್ಸಿಸ್ ಬುಕನನ್. ನಮ್ಮ ಸೀಮೆಯನ್ನೂ ಹಾದುಹೋದ ಆ ಪ್ರವಾಸಿಯ ಗ್ರಂಥ 1807ರಲ್ಲಿ ಅಚ್ಚಾಯಿತು. ಜಂಬಿಟ್ಟಿಗೆಯನ್ನು ನಂಬಬಹುದು. ನಡುವಣ ಜೇಡಿಯ ಸ್ವಭಾವವೇ ಬೇರೆ: ಆಷಾಢದಲ್ಲಿ ನೀರು ಕುಡಿದು ಬೆಣ್ಣೆಯಂತಾಗುವುದು, ಮಾಘದಲ್ಲಿ ಬಿಸಿಲಿಗೆ ಬಿಗಿದು ಬಿರಿಯುವುದು.

ಮೊದಲ ವರ್ಷ ನಾನು ಅವಸರಪಟ್ಟೆ. ಮೇಲಿನರ್ಧವನ್ನು ಎರಡಡಿ ಕಡಿದು, ಬಂದ ಮಣ್ಣನ್ನು ಕೆಳಗಿನರ್ಧಕ್ಕೆ, ಹುಲ್ಲುಬೇರುಗಳನ್ನು ಕೀಳಿಸದೆಯೇ, ಒಂದೇ ಸಲಕ್ಕೆ ಸುರಿಸಿ ಮಟ್ಟಮಾಡಿದೆ. ಕಣ್ಣಿಗೆ ಕನ್ನಡಿಯಂತೆ ಕಂಡ ಆ ನೆಲ, ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಕಡಿದ ನೆಲವೂ ತುಂಬಿದ ನೆಲವೂ ಕೂಡುವ ಗೆರೆಯುದ್ದಕ್ಕೂ ಸೀಳಿ, ಕೆಳಬದಿ ನಾಲ್ಕು ಬೆರಳಷ್ಟು ಕುಸಿದುಹೋಯಿತು. ಬದುಕಿನುದ್ದಕ್ಕೂ ತೋಟದ ಮಣ್ಣಿನಲ್ಲಿಯೇ ಕೆಲಸ ಮಾಡಿದ ಹಿರಿಯರೊಬ್ಬರು ಬಂದು, ಆ ಬಿರುಕಿನೊಳಗೆ ಕೋಲಿಳಿಸಿ ನೋಡಿ, "ಅಯ್ಯಾ, ನೀವು ನೆಲ ಮಾಡಿದ್ರಿ, ನೀರಿಗೆ ದಾರಿ ಮಾಡ್ಲಿಲ್ಲ" ಎಂದರು. ಆಮೇಲಿನ ನನ್ನ ಕೆಲಸವೆಲ್ಲ ಆ ಒಂದು ಮಾತಿನ ವ್ಯಾಖ್ಯಾನ.

ಎರಡನೆಯ ಸಲ ಅಂಕಣಕ್ಕಿಂತ ಮೊದಲು ಕಾಲುವೆ ಹುಟ್ಟಿತು. ಗುಡ್ಡ ಕಡಿದಲ್ಲಿ ನಿಂತ ಧರೆಯ ಬುಡದಲ್ಲಿ, ತೋಟದಲ್ಲಿ ನಾವು ಕಪ್ಪು, ಅಂದರೆ ಬಸಿಗಾಲುವೆ, ತೆಗೆಯುವ ರೀತಿಯಲ್ಲಿಯೇ, ಮೊಣಕಾಲಾಳದ ಕಾಲುವೆಯನ್ನು ತೋಡಿ, ಗುಡ್ಡದ ನೀರು ಆಟದ ನೆಲವನ್ನು ಮುಟ್ಟದೆ ಪಕ್ಕಕ್ಕೆ ಹರಿದುಹೋಗುವಂತೆ ಮಾಡಿದೆವು. ಬಳಿಕ ಕೆಳಗಿನ ಓರೆಯ ಕರಿಮಣ್ಣನ್ನು ಬೇರುಸಹಿತ ಹೆರೆದು, ಗಟ್ಟಿ ನೆಲದಲ್ಲಿ ಮೆಟ್ಟಿಲುಗಳನ್ನು ಕಡಿದು, ತುಂಬುವ ಮಣ್ಣಿಗೆ ಹಲ್ಲೂರಲು ಆಸರೆ ಕೊಟ್ಟೆವು. ಅಂಚಿಗೆ ಜಂಬಿಟ್ಟಿಗೆಯ ಒಣಗಲ್ಲಿನ ಕಟ್ಟೆ. ಗಾರೆಯಿಲ್ಲ, ಸಂದುಗಳಿಂದ ನೀರು ಒಸರಬೇಕು.

ಇನ್ನು ದಿಮ್ಮಸಿನ ಸುಖ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ. ಅರ್ಧ ಅಡಿಗೆ ಮೀರದ ಪದರವನ್ನು ಹರಡಿ, ಹೆಂಟೆಯೊಡೆದು, ನೀರು ಚಿಮುಕಿಸಿ, ಒಂದು ರಾತ್ರಿ ಬಿಟ್ಟು, ಬೆಳಗ್ಗೆ ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ನೋಡಬೇಕು: ಉಂಡೆಯಾಗಿ ನಿಂತು, ಕೈಗೆ ಕೆಸರು ಹತ್ತದೆ, ಎದೆಯೆತ್ತರದಿಂದ ಬಿಟ್ಟರೆ ಎರಡು ಮೂರು ಹೋಳಾದರೆ, ಅದೇ ಹದ. ಪುಡಿಯಾದರೆ ನೀರು ಸಾಲದು. ಚಪ್ಪಟೆಯಾದರೆ ಒಂದು ದಿನ ಕಾಯಬೇಕು. ಕ್ಯಾಲಿಫೋರ್ನಿಯದಲ್ಲಿ ಮಣ್ಣಿನ ಅಣೆಕಟ್ಟುಗಳ ಕೆಲಸದಲ್ಲಿದ್ದ ಪ್ರಾಕ್ಟರ್ ಎಂಬ ಎಂಜಿನಿಯರು, ಪ್ರತಿಯೊಂದು ಮಣ್ಣಿಗೂ ಅದು ಪರಮಾವಧಿ ಬಿಗಿಯುವ ಒಂದು ತೇವದ ಪ್ರಮಾಣವುಂಟೆಂದು 1933ರಲ್ಲಿ ಅಳೆದು ತೋರಿಸಿದನು. ಗೋಡೆಗೆ ಮಣ್ಣು ಕಲಸುವ ನಮ್ಮವರ ಕೈ ಹದವೆಂದು ಕರೆಯುತ್ತ ಬಂದದ್ದು ಅದನ್ನೇ. ಹದ ಬಂದ ಪದರದ ಮೇಲೆ ದಿಮ್ಮಸು ಬೀಳುವಾಗ ಮೊದಲು ಮೆತ್ತಗೆ 'ದುಬ್' ಎನ್ನುವ ಸದ್ದು, ಬಡಿಯುತ್ತ ಬಡಿಯುತ್ತ ಬಿಗಿಯಾಗಿ, ಕಡೆಗೆ ಮದ್ದಳೆಯ ಮಧ್ಯಕ್ಕೆ ಕೈ ಬಿದ್ದಂತೆ 'ಠಣ್' ಎನ್ನುವುದು. ಆ ಸದ್ದು ಬಂದ ಮೇಲೆಯೇ ಮುಂದಿನ ಪದರ.

ಮೇಲ್ಮೈಗೆ ಜರಡಿ ಹಿಡಿದ ಕೆಮ್ಮಣ್ಣಿಗೆ ಹೊಳೆಯ ಮರಳು ಬೆರೆಸಿದೆವು. ಮರಳಿನಿಂದ ಜೇಡಿ ಬಿರಿಯುವುದು ಕಡಿಮೆಯಾಗುವುದು, ಕಾಲಿಗೆ ಹಿಡಿತವೂ ಸಿಗುವುದು. ಅದರ ಮೇಲೆ ಸಗಣಿ ಸಾರಣೆ. ನೋಟಕ್ಕೆ ಸಮತಲವಾದ ಈ ನೆಲದಲ್ಲಿ 28 ಅಡಿಯ ಅಗಲಕ್ಕೆ ಮೂರಂಗುಲದ ವಾಟವಿದೆ. ಆಟಗಾರನ ಪಾದಕ್ಕೆ ಅದು ತಿಳಿಯದು, ನೀರಿಗೆ ಮಾತ್ರ ತಿಳಿಯುವುದು. ಗೆರೆಯೆಳೆಯುವ ದಿನ ಹಗ್ಗದಿಂದ ಮೂರು, ನಾಲ್ಕು, ಐದರ ತ್ರಿಕೋನವನ್ನು ಹಿಡಿದು ಮೂಲೆ ಕೂಡಿಸಿ, ಕರ್ಣಗಳೆರಡನ್ನೂ ಅಳೆದೆವು: ಎರಡೂ 48 ಅಡಿ ನಾಲ್ಕಂಗುಲ. ಸುಣ್ಣದ ಗೆರೆಗೆ ಒಂದೂವರೆ ಅಂಗುಲದ ದಪ್ಪ. ಬಲೆ ಕಂಬದ ಬಳಿ ಐದಡಿ ಒಂದಂಗುಲ, ನಡುವೆ ಐದಡಿ.

ಪಕ್ಕದ ಊರುಗಳಲ್ಲಿ ಹೊನಲು ಬೆಳಕಿನ ಪಂದ್ಯಾವಳಿಗಳಿಗೆ ಸಿಮೆಂಟಿನ ಅಂಕಣಗಳಾಗಿವೆ. ಅವು ಮಳೆಗೆ ಅಂಜುವುದಿಲ್ಲ. ನನ್ನದು ಅಂಜುತ್ತದೆ. ಆದುದರಿಂದ ಪ್ರತಿ ಜ್ಯೇಷ್ಠದಲ್ಲಿ ಮನೆಯ ಮಣ್ಣಿನ ಗೋಡೆಗೆ ಸೋಗೆ ಕಟ್ಟುವಾಗ ಇದಕ್ಕೂ ಸೋಗೆ ಹೊದಿಸುತ್ತೇವೆ. ದೀಪಾವಳಿ ಕಳೆದ ಮೇಲೆ ತೆಗೆದು, ಪಾಚಿ ಹೆರೆದು, ಎದ್ದ ಚಕ್ಕೆಗಳನ್ನು ತೇಪೆ ಹಾಕಿ, ಪುನಃ ಬಡಿದು ಸಾರಿಸುತ್ತೇವೆ. ಈ ವಾರ್ಷಿಕ ಶುಶ್ರೂಷೆಯನ್ನು ನಾನು ಸಿಮೆಂಟಿಗೆ ಮಾರಲಾರೆ.

ಈ ಸಲ ಸೋಗೆ ಎತ್ತಿದಾಗ ಹಳೆಯ ಬಿರುಕಿನ ಜಾಗವನ್ನು ಮೊಣಕಾಲೂರಿ ಬೆರಳಿನಿಂದ ತಡವಿದೆ. ನೆಲ ಒಂದೇ ಆಗಿದ್ದಿತು. ಆ ಹಿರಿಯರು ಒಂದು ಚೊಂಬು ನೀರನ್ನು ತಂದು ಮಧ್ಯಗೆರೆಯ ಮೇಲೆ ಮೆಲ್ಲನೆ ಹೊಯ್ದರು. ನೀರು ಒಂದು ಕ್ಷಣ ಕೊಳವಾಗಿ ನಿಂತು, ಅಂಚು ನಡುಗಿ, ಎಳೆಯೊಂದನ್ನು ಮುಂಚಾಚಿ, ಕೆಳಗಿನ ಕಟ್ಟೆಯ ಸಂದಿನತ್ತ ಹೊರಟಿತು.

"ಅಪ್ಪಯ್ಯಾ, ನೆಟ್ ಕಟ್ಟಲಾ?" ಎಂದು ಮಗಳು ಕಂಬದ ಬಳಿಯಿಂದ ಕೂಗಿದಳು.