ಜನ ನೋಡ್ತಾರೆ
ಉಳ್ಳಾಲದ ನಮ್ಮಜ್ಜಿ ತಲೆಗೆ ಬಿಳಿ ಬಟ್ಟೆ ಸುತ್ತಿ ಹಿಂದೆ ಗಂಟು ಹಾಕುತ್ತಿದ್ದರು. ಬೀಡಿ ಕಟ್ಟುವಾಗ ಮುಂಗೂದಲು ಕಂಡರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಉಮ್ಮ ಸೀರೆಯ ಸೆರಗು ಹೊದೆಯುತ್ತಿದ್ದರು. ತೊಂಬತ್ತರ ದಶಕದಲ್ಲಿ ಮಾವ ಸೌದಿಯಿಂದ ಕಪ್ಪು ಬುರ್ಖಾ ತಂದುಕೊಟ್ಟ ಮೇಲೆ ಅದೇ ಅಭ್ಯಾಸವಾಯಿತು. ಎಂ.ಟೆಕ್ ಮುಗಿಸಿ ಮುಂಬೈಗೆ ಬಂದ ನಾನು ದುಪಟ್ಟಾವನ್ನು ಮೊದಲು ಹೆಗಲಿಗಿಳಿಸಿದೆ, ಆಮೇಲೆ ಬಿಟ್ಟೇಬಿಟ್ಟೆ. ಊರಿಗೆ ಹೋದಾಗ ಮಾತ್ರ ಅದು ಬ್ಯಾಗಿನಿಂದ ಹೊರಬರುತ್ತದೆ.

2022ರ ಫೆಬ್ರವರಿ 5ರಂದು ಕರ್ನಾಟಕ ಸರ್ಕಾರದ ಸಮವಸ್ತ್ರ ಆದೇಶ ಬಂತು. ಮಾರ್ಚ್ 15ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವಾರ ಸಾಂತಾಕ್ರೂಜ್‌ನ ನಮ್ಮ ಮನೆಯಲ್ಲಿ ಹದಿನಾರರ ಮಗಳು ಕನ್ನಡಿ ಮುಂದೆ ನಿಂತು ಹಿಜಾಬಿಗೆ ಪಿನ್ನು ಚುಚ್ಚುತ್ತಿದ್ದಳು. ನನ್ನ ಎದೆ ಧಸಕ್ಕೆಂದಿತು.

"ಬೇಡ ಮಗಾ, ಲೋಕಲ್‌ನಲ್ಲಿ ಜನ ನೋಡ್ತಾರೆ" ಅಂದೆ.

"ನೀನು ತೆಗೆದಾಗ ಅಜ್ಜಿ ಏನಂದಿದ್ರು?"

ಇದೇ ಮಾತು ಅಂದಿದ್ದರು: ಜನ ನೋಡ್ತಾರೆ.

ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬಗೆಯ ತೀರ್ಪು ಕೊಟ್ಟರು. ನಮ್ಮ ಮನೆಯಲ್ಲೂ ಇನ್ನೂ ಎರಡೇ. ಬೆಳಿಗ್ಗೆ ಸ್ಟೇಷನ್‌ಗೆ ಮಾತ್ರ ಒಟ್ಟಿಗೆ ಹೋಗುತ್ತೇವೆ. ಅವಳ ಪಿನ್ನು ಜಾರಿದ್ದರೆ ಸರಿಮಾಡುವವಳು ನಾನೇ.