ಬೆಟ್ಟದ ಶನಿವಾರ, ಹೂವಿನ ಭಾನುವಾರ

ಗುಂಡ್ಲುಪೇಟೆ ಸೀಮೆಯಲ್ಲಿ ಯಾವ ದಿಕ್ಕಿಗೆ ತಿರುಗಿ ನಿಂತರೂ ಒಂದು ಬೆಟ್ಟ ಕಣ್ಣಿಗೆ ಬೀಳುತ್ತದೆ. ಊಟಿ ರಸ್ತೆಯಲ್ಲಿ ಹೋದರೆ ಗೋಪಾಲಸ್ವಾಮಿ ಬೆಟ್ಟ, ತೆರಕಣಾಂಬಿ ಕಡೆ ಹುಲುಗನಮುರಡಿ, ಕಂದೇಗಾಲದ ಹತ್ತಿರ ಪಾರ್ವತಿ ಬೆಟ್ಟ. ಚಾಮರಾಜನಗರದತ್ತ ಹೊರಟರೆ ಕರಿವರದರಾಜನ ಬೆಟ್ಟ, ಮಲೆಯೂರಿನ ಕನಕಗಿರಿ, ಅದರಾಚೆಗೆ ಬಿಳಿಗಿರಿಯ ಸಾಲು. ಒಂದೊಂದು ಬೆಟ್ಟಕ್ಕೆ ಒಂದೊಂದು ದೇವರು, ಒಂದೊಂದು ದೇವರಿಗೆ ಒಂದೊಂದು ದಿನ. ಆ ದಿನ ಬಂದಾಗ ಮಾತ್ರ ನಮ್ಮ ಮನೆಗೆ ಬೀಗ ಬೀಳುತ್ತಿತ್ತು. ಮಿಕ್ಕ ದಿನಗಳಲ್ಲಿ ಬೆಟ್ಟ ನೋಡಲು ಹೋದವನು ಹೊಲದ ಕೆಲಸಕ್ಕೆ ಚಕ್ಕರ್ ಹಾಕಿದವನು ಅಂತಲೇ ಲೆಕ್ಕ.

ನಮ್ಮದು ಹಂಗಳದ ಕಡೆಯ, ಊಟಿ ರಸ್ತೆಗೆ ತಾಗಿದ ಹೊಲ. ಎಂಬತ್ತರ ದಶಕದಲ್ಲಿ ನಾನು ಹುಡುಗ. ಆಗಿನಿಂದ ಈ ರಸ್ತೆಯಲ್ಲಿ ಯಾರು ಬಂದರು, ಯಾಕೆ ಬಂದರು ಎನ್ನುವುದನ್ನು ಹೊಲದ ಬದುವಿನ ಮೇಲೆ ನಿಂತೇ ನೋಡಿದ್ದೇನೆ. ಮುಂದೆ ಕೆಲಸ ಸಿಕ್ಕಿ ಚಾಮರಾಜನಗರ ಸೇರಿದ್ದರಿಂದ ಎರಡೂ ಊರಿನವರ ರಜೆಯ ತಿರುಗಾಟ ನನಗೆ ಗೊತ್ತು.

ನಮ್ಮ ದೊಡ್ಡ ಸಂಭ್ರಮ ಗೋಪಾಲಸ್ವಾಮಿ ಬೆಟ್ಟದ ಶ್ರಾವಣ ಶನಿವಾರ. ಶುಕ್ರವಾರ ರಾತ್ರಿಯೇ ಅವ್ವ ಹುಣಸೆಹುಳಿ ಕುದಿಸಿ ಇಡುತ್ತಿದ್ದಳು. ನಸುಕಿಗೆ ಎದ್ದು ಅನ್ನ ಬಸಿದು ಹುಳಿಯನ್ನ ಕಲಸಿ, ಮೊಸರನ್ನವನ್ನು ಬೇರೆ ಡಬ್ಬಿಗೆ ತುಂಬಿ, ಎರಡನ್ನೂ ಬಿಳಿ ಪಂಚೆಯಲ್ಲಿ ಗಂಟು ಕಟ್ಟಿದರೆ ಬುತ್ತಿ ತಯಾರು. "ಬಿರ್ರನೆ ಹೊರಡ್ರಪ್ಪ, ಬಿಸಿಲೇರಿದ್ರೆ ಅಜ್ಜಿ ಕೈಲಿ ಹತ್ತಕ್ಕಾಗಲ್ಲ" ಎಂದು ಅಪ್ಪ ಬಾಗಿಲಲ್ಲಿ ನಿಂತು ಕೂಗುತ್ತಿದ್ದರು. ಬೆಟ್ಟದ ಕಡೆ ಹೋಗುವ ಲಾರಿ, ಟೆಂಪೊ ಸಿಕ್ಕರೆ ಅದು, ಇಲ್ಲದಿದ್ದರೆ ಕಾಲೇ ಗತಿ. ಕಾಡಿನ ದಾರಿಯಲ್ಲಿ ಆನೆ ಲದ್ದಿ ಕಂಡರೆ ಹಿರಿಯರು ಬಗ್ಗಿ ನೋಡಿ ಹಳೆಯದೋ ಹೊಸದೋ ಹೇಳುತ್ತಿದ್ದರು. ಹೊಸದಾದರೆ ಎಲ್ಲರೂ ಒಟ್ಟಾಗಿ "ಗೋವಿಂದಾ" ಎಂದು ಕೂಗಿಕೊಂಡು ನಡೆಯುವುದು. ಅದು ಭಕ್ತಿಯೂ ಹೌದು, ಆನೆಗೆ ಕೊಡುವ ಮುನ್ಸೂಚನೆಯೂ ಹೌದು.

1454 ಮೀಟರ್ ಎತ್ತರದ ಆ ನೆತ್ತಿಯ ಮೇಲೆ ಮಳೆಗಾಲದಲ್ಲಿ ಪಕ್ಕದಲ್ಲಿದ್ದವರ ಮುಖವೇ ಕಾಣುವುದಿಲ್ಲ. ಮಂಜು ಬಿಡದ ಜಾಗವಾದ್ದರಿಂದ ಅದು ಹಿಮವದ್ ಗೋಪಾಲಸ್ವಾಮಿ ಬೆಟ್ಟ. ದೇವಸ್ಥಾನ 1315ರ ಸುಮಾರಿಗೆ ಬಲ್ಲಾಳನ ಕಾಲದಲ್ಲಿ ಆದದ್ದೆಂದು ಹೇಳುತ್ತಾರೆ. ಮರದಡಿ ನಿಂತು ಕೊಳಲೂದುವ ಗೋಪಾಲ, ಗರ್ಭಗುಡಿಯ ಬಾಗಿಲ ಮೇಲಿನ ಕಲ್ಲಿನಿಂದ ತೊಟ್ಟಿಕ್ಕುವ ನೀರು, ಅದನ್ನು ತಲೆಗೆ ಚಿಮುಕಿಸುವ ಅರ್ಚಕರು. ದರ್ಶನ ಮುಗಿಯಿತೆಂದರೆ ಹುಲ್ಲಿನ ಇಳಿಜಾರಿನಲ್ಲಿ ಬುತ್ತಿ ಬಿಚ್ಚುತ್ತಿದ್ದೆವು. ಪಕ್ಕದ ಊರಿನವರ ಚಿತ್ರಾನ್ನ ನಮ್ಮ ಎಲೆಗೆ, ನಮ್ಮ ಹುಳಿಯನ್ನ ಅವರ ಎಲೆಗೆ. ಗಂಡು-ಹೆಣ್ಣಿನ ಮಾತುಕತೆ ಅಲ್ಲೇ ಶುರುವಾಗಿ ಮಾರನೆಯ ವರ್ಷದೊಳಗೆ ಮದುವೆಯಾದದ್ದೂ ಉಂಟು. ದೇವರ ಹೆಸರಲ್ಲಿ ಹೋದರೂ ನಾವು ಇಡೀ ದಿನ ಮಾಡುತ್ತಿದ್ದದ್ದು ಆರಾಮವಾಗಿ ಕೂತು ಮಾತಾಡುವುದನ್ನೇ.

ಚಾಮರಾಜನಗರದವರಿಗೆ ಇದೇ ಸಂಭ್ರಮ ಆಷಾಢದಲ್ಲಿ. ನಾಡಿನಲ್ಲೆಲ್ಲ ಆಷಾಢ ಬಂತೆಂದರೆ ಹೊಸ ಸೊಸೆ ತವರಿಗೆ ಹೋಗುತ್ತಾಳೆ. ಇಲ್ಲಿ ಮಾತ್ರ ಹೊಸ ಜೋಡಿಗಳು ಒಟ್ಟಿಗೆ ತೇರಿಗೆ ಬರುತ್ತವೆ. ಅರಿಕುಠಾರ ಎಂದಿದ್ದ ಈ ಊರಿನಲ್ಲಿ ಹುಟ್ಟಿದ ತಂದೆ ಚಾಮರಾಜ ಒಡೆಯರ ನೆನಪಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ಚಾಮರಾಜೇಶ್ವರ ದೇವಸ್ಥಾನ ಕಟ್ಟಿಸಿದರು. ಅದರ ತೇರು ಹರಿಯುವುದು ಆಷಾಢದ ಹುಣ್ಣಿಮೆ ಹೊತ್ತಿಗೆ. ಹೊಸ ಮದುಮಕ್ಕಳು ಬಾಳೆಹಣ್ಣಿಗೆ ದವನ ಸಿಕ್ಕಿಸಿ ತೇರಿನತ್ತ ಎಸೆಯುತ್ತಾರೆ. ಹಣ್ಣು ಕಳಶಕ್ಕೆ ತಾಗಿದರೆ ಹೆಂಡತಿ ನಗುತ್ತಾಳೆ, ಯಾರದೋ ಪೇಟಕ್ಕೆ ತಾಗಿದರೆ ಊರೇ ನಗುತ್ತದೆ. ಮೈಸೂರು, ನಂಜನಗೂಡಿನ ನೆಂಟರು ರೈಲಿನಲ್ಲಿ ಬಂದಿಳಿದು, ಪುರಿ-ಖಾರ, ಬೆಂಡು-ಬತ್ತಾಸು, ಬಳೆ ಕೊಂಡು ಸಂಜೆಯ ಗಾಡಿಗೆ ಹಿಂತಿರುಗುತ್ತಿದ್ದರು. 2017ರಲ್ಲಿ ತೇರಿಗೆ ಬೆಂಕಿ ಬಿತ್ತು. ಹೊಸ ತೇರು ತಯಾರಾಗಿ ಮತ್ತೆ ಬೀದಿಗಿಳಿದದ್ದು 2022ರ ಜುಲೈನಲ್ಲಿ. ನಡುವಿನ ಆಷಾಢಗಳಲ್ಲಿ ಮದುವೆಯಾದವರು "ನಮ್ಗೆ ತೇರೇ ಸಿಗ್ಲಿಲ್ಲ" ಎಂದು ಇಂದಿಗೂ ಕೊರಗುವುದನ್ನು ಕೇಳಿದ್ದೇನೆ. ಕೆಲವರು ಕಂಕುಳಲ್ಲಿ ಕೂಸನ್ನಿಟ್ಟುಕೊಂಡೇ ಬಂದು ಹಣ್ಣು ಎಸೆದು ಹೋದರು.

ಈ ತಿರುಗಾಟಕ್ಕೆಲ್ಲ ಕತ್ತಲು ಕವಿದದ್ದು ತೊಂಬತ್ತರ ದಶಕದಲ್ಲಿ. 1991ರ ನವೆಂಬರ್‌ನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಕಾಡುಗಳ್ಳ ವೀರಪ್ಪನ್ ಕೊಂದ ಮೇಲೆ ಮಹದೇಶ್ವರ ಬೆಟ್ಟದ ಕಾಡಿನ ಹೆಸರೆತ್ತಿದರೆ ಜನ ದನಿ ತಗ್ಗಿಸುತ್ತಿದ್ದರು. ಪಾದಯಾತ್ರೆಗೆ ಹೋಗುವವರನ್ನು ಮನೆಯವರು ತಡೆಯುತ್ತಿದ್ದರು. 1997ರಲ್ಲಿ ಬಂಡೀಪುರದ ಬಳಿಯಿಂದಲೇ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ-ಸೇನಾನಿ ಅವರನ್ನು ಅವನು ಹಿಡಿದೊಯ್ದಾಗ ಭಯ ನಮ್ಮ ಹೊಲದ ಅಂಚಿಗೇ ಬಂದಂತಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಮೈಸೂರಿನಿಂದ ಬೇರೆಯಾಗಿ ನಮ್ಮದೇ ಜಿಲ್ಲೆ ಆಗಿತ್ತು. ಹೊಸ ಜಿಲ್ಲೆಯ ಹೆಸರು ಹೊರಗಿನವರಿಗೆ ಪರಿಚಯವಾದದ್ದು ಮಾತ್ರ ಕಾಡುಗಳ್ಳನ ಸುದ್ದಿಯಿಂದ. 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ರಾಜ್‌ಕುಮಾರ್ ಅವರ ಅಪಹರಣವಾಯಿತು. ತಾಳವಾಡಿ ಸೀಮೆಯ ಆ ಊರು ತಮಿಳುನಾಡಿಗೆ ಸೇರಿದ್ದರೂ ಚಾಮರಾಜನಗರದವರಿಗೆ ನೆರೆಮನೆ. ಅಣ್ಣಾವ್ರು ಬಿಡುಗಡೆಯಾಗುವವರೆಗಿನ ಆ 108 ದಿನ ನಮ್ಮ ಕಡೆ ಯಾರೂ ಬೆಟ್ಟ, ಹೊಳೆ ಎನ್ನಲಿಲ್ಲ.

2004ರ ಅಕ್ಟೋಬರ್‌ನಲ್ಲಿ ವೀರಪ್ಪನ್ ಸತ್ತ. ಅವನ ಊರಾದ ಗೋಪಿನಾಥಂನಲ್ಲಿ ಈಗ ಜಂಗಲ್ ಲಾಡ್ಜಸ್‌ನವರ ಶಿಬಿರವಿದೆ. ಪೊಲೀಸರು ಹಗಲಲ್ಲೂ ಎಚ್ಚರದಿಂದ ಹೆಜ್ಜೆಯಿಡುತ್ತಿದ್ದ ಕಡೆ ಪಟ್ಟಣದವರು ದುಡ್ಡು ಕೊಟ್ಟು ಡೇರೆಯಲ್ಲಿ ಮಲಗುತ್ತಾರೆ.

ಭಯ ಹೋದ ಮೇಲೆ ರಸ್ತೆ ತುಂಬಿತು. ಆದರೆ ತುಂಬಿದವರು ನಾವಲ್ಲ. ಇದಕ್ಕೆ ನಮ್ಮ ಹೊಲವೇ ಸಾಕ್ಷಿ. ಮೊದಲು ಅಲ್ಲಿ ಹುರುಳಿ, ಜೋಳ, ಕಡಲೆಕಾಯಿ ಬೆಳೆಯುತ್ತಿದ್ದೆವು. ಆಮೇಲೆ ಸೂರ್ಯಕಾಂತಿ ಬಂತು. ಅದರ ಜೊತೆಗೇ ಕಂಪನಿಯವರು ಬೀಜ ಕೊಟ್ಟು, ಹೂವನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುವ ಒಪ್ಪಂದದ ಚೆಂಡುಹೂ ಬಂತು. ಅದು ಮಾಲೆ ಕಟ್ಟುವ ಹೂವಲ್ಲ, ಕಾರ್ಖಾನೆಗೆ ಹೋಗಿ ಬಣ್ಣವಾಗುವ ಹೂ. ಮುಂಗಾರಿಗೆ ಮುಂಚಿನ ಮಳೆಗೆ ನಾಟಿ ಮಾಡಿದರೆ ಜುಲೈ, ಆಗಸ್ಟ್ ಹೊತ್ತಿಗೆ ರಸ್ತೆಯ ಎರಡೂ ಕಡೆ ಹಳದಿ, ಕೇಸರಿ. ಅದೇ ಸಮಯಕ್ಕೆ ಕೇರಳದವರ ಓಣಂ ಹತ್ತಿರವಾಗುತ್ತದೆ. ವಯನಾಡಿನ ಘಟ್ಟದ ಮಳೆಯಿಂದ ತಪ್ಪಿಸಿಕೊಂಡು ಬಂದವರಿಗೆ ಮೂಲೆಹೊಳೆ, ಮದ್ದೂರು ಚೆಕ್‌ಪೋಸ್ಟ್ ದಾಟಿದ ಕೂಡಲೇ ಬಯಲು ಬಿಸಿಲು, ಹೂವಿನ ಹೊಲ. ಕಾರು ನಿಲ್ಲಿಸದೆ ಹೋಗುವುದುಂಟೇ?

ಮೊದಮೊದಲು ನಮಗೆ ಅದು ತಮಾಷೆ. ಸೀರೆಯುಟ್ಟ ಹೆಣ್ಣುಮಕ್ಕಳು, ಕ್ಯಾಮೆರಾ ಹಿಡಿದ ಗಂಡಸರು ಹೊಲಕ್ಕಿಳಿದು ನಗುವುದನ್ನು ಅವ್ವ ಬಾಯಿಬಿಟ್ಟುಕೊಂಡು ನೋಡುತ್ತಿದ್ದಳು. ಗಿಡ ಮುರಿಯತೊಡಗಿದಾಗ ತಮಾಷೆ ಹೋಯಿತು. ಮುಳ್ಳು ಹಾಕಿದೆವು, ಮುಳ್ಳು ಸರಿಸಿ ಬಂದರು. ಕೊನೆಗೆ ಅಣ್ಣ ಹಗ್ಗ ಕಟ್ಟಿ, ಅತ್ತಿಗೆಗೆ ಕೊಡೆ ಹಿಡಿಸಿ ಕೂರಿಸಿ, ತಲೆಗೆ ಹತ್ತು ರೂಪಾಯಿ ಎಂದ. ಆಮೇಲೆ ಇಪ್ಪತ್ತಾಯಿತು. ಈಗ ಇನ್ನೂ ಮೇಲಕ್ಕೆ ಹೋಗಿದೆ. ಹೂವಿನ ನಡುವೆ ಓಡಾಡಲು ಕಾಲುದಾರಿ, ಹತ್ತಿ ನಿಲ್ಲಲು ಮರದ ಅಟ್ಟಣೆ.

"ಅಲ್ಲ ಕನಾ, ಹೂ ನೋಡಕ್ಕೂ ದುಡ್ಡು ಕೊಟ್ಟಾರಾ?" ಎಂದು ಅವ್ವ ಕೇಳಿದಳು.

"ಕೊಡ್ತಾವ್ರಲ್ಲವ್ವ."

"ಹಂಗಾರೆ ನಾನು ದಿನಾ ನೋಡ್ತಿನಿ, ನಾನೆಷ್ಟು ಕೊಡ್ಬೇಕು ನಿಂಗೆ?"

ಅಣ್ಣನ ಬಳಿ ಉತ್ತರವಿರಲಿಲ್ಲ. ಆದರೆ ಲೆಕ್ಕವಿತ್ತು. ಚೆಂಡುಹೂವಿನ ದರ ಬಿದ್ದ ವರ್ಷ ಗೊಬ್ಬರದ ಅಂಗಡಿಯ ಸಾಲ ತೀರಿಸಿದ್ದು ಹಗ್ಗದ ಬಾಗಿಲಲ್ಲಿ ಬಂದ ಚಿಲ್ಲರೆಯೇ. ಈಗ ಕೆಲವರು ರಸ್ತೆ ಬದಿಯ ಪಟ್ಟಿಗೆ ಸೂರ್ಯಕಾಂತಿ ಹಾಕುವುದೇ ಫೋಟೊಗೆ. ಎಣ್ಣೆಕಾಳು ಬಂದರೆ ಬೋನಸ್ಸು. ಓಣಂ ಯಾವ ತಾರೀಖಿಗೆ ಬೀಳುತ್ತದೆ ಎಂದು ನೋಡಿ ಬಿತ್ತನೆಯ ದಿನ ಗೊತ್ತುಮಾಡುವವರೂ ಇದ್ದಾರೆ. ನಮ್ಮ ಪಂಚಾಂಗದಲ್ಲಿ ಶ್ರಾವಣ ಶನಿವಾರದ ಮುಂದೆ ಹಾಕುತ್ತಿದ್ದ ಗುರುತು ಈಗ ಮಲಯಾಳಿಗಳ ಹಬ್ಬದ ಮುಂದೆ ಬೀಳುತ್ತದೆ. ಶನಿವಾರ, ಭಾನುವಾರ ಮನೆಯಲ್ಲಿ ಯಾರಿಗೂ ಬಿಡುವಿಲ್ಲ. ಒಬ್ಬರು ಹಗ್ಗದ ಬಳಿ, ಒಬ್ಬರು ಜೋಳದ ತೆನೆ ಸುಡಲು, ಒಬ್ಬರು ಕಾರು ನಿಲ್ಲಿಸಿ ಕೊಡಲು. ಬೆಟ್ಟಕ್ಕೆ ಹೋಗುವವರಾಗಿದ್ದ ನಾವು ಬೆಟ್ಟಕ್ಕೆ ಹೋಗುವವರಿಗೆ ಮಾರುವವರಾದೆವು.

ಇನ್ನೊಂದು ಬದಲಾವಣೆ ಕಾಡಿನ ಇಲಾಖೆಯಿಂದ ಬಂತು. ಬಂಡೀಪುರಕ್ಕೂ ನಮ್ಮ ಗೋಪಾಲನಿಗೂ ಹಳೆಯ ನಂಟು. ಮೈಸೂರು ಮಹಾರಾಜರು ಇಲ್ಲಿ ಮಾಡಿದ ವನ್ಯಧಾಮದ ಹೆಸರೇ ವೇಣುಗೋಪಾಲ. ಹುಲಿ ಯೋಜನೆ 1973ರಲ್ಲಿ ಶುರುವಾದಾಗ ದೇಶದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಇತ್ತು. 2009ರಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಕಾಡಿನೊಳಗಿನ ಹೆದ್ದಾರಿಗಳಲ್ಲಿ ವಾಹನ ನಿಲ್ಲಿಸಿದರು. ಮರುವರ್ಷ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಗುಂಡ್ಲುಪೇಟೆಯಲ್ಲಿ ರಾತ್ರಿಯಿಡೀ ಲಾರಿಯವರಿಗೆ ಚಹಾ ಕಾಸುತ್ತಿದ್ದ ಹೋಟೆಲುಗಳು ಗೊಣಗಿದವು. ಆಮೇಲೆ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನ ಬಿಡುವುದನ್ನೂ ನಿಲ್ಲಿಸಿ, ತಪ್ಪಲಿನಿಂದ ಸರ್ಕಾರಿ ಬಸ್ಸು ಹಾಕಿದರು. ಕತ್ತಲಾಗುವ ಮೊದಲೇ ಎಲ್ಲರೂ ಇಳಿಯಬೇಕು. ಮೇಲೆ ಬುತ್ತಿ ಬಿಚ್ಚಿಕೊಂಡು ಕೂರುವ ಕಾಲ ಮುಗಿಯಿತು. ಶ್ರಾವಣ ಶನಿವಾರ ಬಸ್ಸಿನ ಸಾಲಿನಲ್ಲಿ ಅರ್ಧ ದಿನ ಕಳೆದುಹೋಗುತ್ತದೆ. "ನಮ್ಮ ದೇವ್ರನ್ನ ನೋಡಕ್ಕೆ ನಾವೇ ಟಿಕೆಟ್ ತಗಬೇಕಾ?" ಎಂದು ಹಂಗಳದ ಹಿರಿಯರು ಸಿಟ್ಟಾದದ್ದು ನ್ಯಾಯವೇ.

ಹಾಗಿದ್ದೂ ನಾನು ಆ ನಿಯಮದ ಪಕ್ಷ. ಕಾರುಗಳು ನೆತ್ತಿಯವರೆಗೆ ಹೋಗುತ್ತಿದ್ದ ವರ್ಷಗಳಲ್ಲಿ ಅಲ್ಲಿನ ಹುಲ್ಲಿನಲ್ಲಿ ಬಾಟಲಿ, ಚಿಪ್ಸಿನ ಪೊಟ್ಟಣ, ಮುರಿದ ಗಾಜು ನೋಡಿದವನು ನಾನು. 2019ರ ಫೆಬ್ರವರಿಯಲ್ಲಿ ಬೆಟ್ಟದ ಇಳಿಜಾರುಗಳು ದಿನಗಟ್ಟಲೆ ಹೊತ್ತಿ ಉರಿದಾಗ ಹೊಗೆ ನಮ್ಮ ಹೊಲದವರೆಗೆ ಬಂದಿತ್ತು. ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿಯಲು ಸಿಬ್ಬಂದಿಯ ಜೊತೆ ಸುತ್ತಲ ಊರಿನವರೂ ಹೋದರು. ಒಣಗಿದ ಹುಲ್ಲಿನ ಬೆಟ್ಟ ಎಷ್ಟು ನಾಜೂಕು ಎನ್ನುವುದು ಅವತ್ತು ಎಲ್ಲರಿಗೂ ಗೊತ್ತಾಯಿತು. ಬಸ್ಸಿನ ಸಾಲು ಬೇಸರವೇ ಸರಿ. ಆ ಸಾಲು ಇಲ್ಲದಿದ್ದರೆ ಇಷ್ಟರಲ್ಲಿ ಬೆಟ್ಟದ ಮೇಲೆ ಪಾರ್ಕಿಂಗ್ ಜಾಗ, ಅದರ ಪಕ್ಕ ಹೋಟೆಲು, ಹೋಟೆಲಿನ ಹಿಂದೆ ಕಸದ ಗುಂಡಿ ಬಂದಿರುತ್ತಿತ್ತು.

ನನ್ನ ದೂರು ಬೇರೆ. ನಮ್ಮ ಮಕ್ಕಳಿಗೆ ರಜೆ ಬಂದರೆ ಊಟಿ, ಮೈಸೂರು ಮೃಗಾಲಯ, ಇಲ್ಲವೇ ಬೆಂಗಳೂರಿನ ಮಾಲು. ಕಂದೇಗಾಲದ ಪಾರ್ವತಿ ಬೆಟ್ಟವನ್ನು ಹತ್ತದ ಗುಂಡ್ಲುಪೇಟೆಯ ಹುಡುಗರನ್ನು ಕಂಡಿದ್ದೇನೆ. ಜೈನಾಚಾರ್ಯ ಪೂಜ್ಯಪಾದರ ಹೆಸರು ಪಾಠದಲ್ಲಿ ಓದಿದವರು ಅವರ ನೆನಪನ್ನು ಹೊತ್ತ ಕನಕಗಿರಿಗೆ ಹೋಗಿರುವುದಿಲ್ಲ. ನರಸಮಂಗಲದಲ್ಲಿ ಗಂಗರ ಕಾಲದ ರಾಮೇಶ್ವರ ಗುಡಿ ಇರುವುದು ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ನಿಂತ ಎಷ್ಟೋ ಜನರಿಗೆ ತಿಳಿಯದು. ಬೈಕಿದ್ದವರು ಭಾನುವಾರ ಸಂಜೆ ಸತ್ಯಮಂಗಲ ರಸ್ತೆಯ ಸುವರ್ಣಾವತಿ ಜಲಾಶಯದ ಏರಿಯ ಕಡೆ ಹೋಗಿ ಬರುತ್ತಾರೆ, ಕಾವೇರಿ ತುಂಬಿದರೆ ಭರಚುಕ್ಕಿಗೆ ಓಡುತ್ತಾರೆ. ಅಷ್ಟಕ್ಕೆ ಮುಗಿಯಿತು. ಹೊರಗಿನವರು ಬಂದು ನಿಂತಾಗ ಮಾತ್ರ ನಮ್ಮ ಹೊಲ ನೋಡುವಂಥದ್ದು ಎಂದು ನಮಗೆ ಅನ್ನಿಸಿದರೆ, ಹೊರಗಿನವರು ಇನ್ನೂ ಬಾರದ ಜಾಗಗಳನ್ನು ನೋಡುವವರು ಯಾರು?

ಈ ಚಿಕ್ಕ ಬೆಟ್ಟಗಳಿಗೆ ಸಫಾರಿಯ ಟಿಕೆಟ್ ಬೇಡ, ಕೊಠಡಿ ಕಾಯ್ದಿರಿಸುವುದೂ ಬೇಡ. ತೆರಕಣಾಂಬಿಯ ತರಕಾರಿ ಮಾರುಕಟ್ಟೆಗೆ ಹೋದವರು ಹುಲುಗನಮುರಡಿ ಹತ್ತಿ ಮಧ್ಯಾಹ್ನಕ್ಕೆ ಮನೆ ಸೇರಬಹುದು. ಕರಿವರದರಾಜನ ಬೆಟ್ಟ ಚಾಮರಾಜನಗರದವರ ಬೆಳಗಿನ ನಡಿಗೆಗೆ ಸಿಗುವಷ್ಟು ಹತ್ತಿರ. ಗೋಪಾಲಸ್ವಾಮಿಯನ್ನು ನೋಡಬೇಕೆನಿಸಿದರೆ ಶನಿವಾರ ಬಿಟ್ಟು ವಾರದ ನಡುವೆ ಹೋಗಿ, ಬಸ್ಸು ಖಾಲಿ ಇರುತ್ತದೆ. ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ, ಆ ದಾರಿಯಲ್ಲಿ ನಡೆದ ಕಾಲದ ಕತೆ ಅವರು ಹೇಳುತ್ತಾರೆ. ಬೆಟ್ಟ ಇಳಿದ ಮೇಲೆ ಊರಿನ ಕಡೆ ಯಾವುದಾದರೂ ಮರದ ನೆರಳಲ್ಲಿ ಬುತ್ತಿ ಬಿಚ್ಚಿ. ತಿಂದ ಎಲೆ, ಪೊಟ್ಟಣವನ್ನು ಮಾತ್ರ ಮನೆಗೇ ವಾಪಸ್ಸು ತನ್ನಿ.