ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕರೆಂಟು ಹುಡುಕಿದ ರಾತ್ರಿ

ಗ್ರ್ಯಾಂಡ್ ಕ್ಯಾನ್ಯನ್ ವಿಲೇಜ್‌ನಲ್ಲಿ ಮೋಟರ್‌ಹೋಮ್ ನಿಲ್ಲಿಸಲು ಎರಡು ಜಾಗಗಳಿವೆ. ಟ್ರೇಲರ್ ವಿಲೇಜ್‌ನಲ್ಲಿ ಕರೆಂಟು, ನೀರು ಎಲ್ಲ ಉಂಟು. ಪಕ್ಕದ ಮೇಥರ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಪೈನ್ ಮರಗಳಿವೆ, ಎಲ್ಕ್‌ಗಳು ಓಡಾಡುತ್ತವೆ. ಕರೆಂಟು ಮಾತ್ರ ಇಲ್ಲ. ಜನರೇಟರ್ ಹಾಕುವುದಕ್ಕೂ ಗೊತ್ತಾದ ಹೊತ್ತುಂಟು. ಮಕ್ಕಳು ಎಲ್ಕ್ ನೋಡಬೇಕೆಂದರು, ಮೇಥರ್‌ನಲ್ಲೇ ಇಳಿದುಕೊಂಡೆವು.

ಅಲ್ಲಿ ಸುಮಾರು 2,100 ಮೀಟರ್ ಎತ್ತರ. ಅಕ್ಟೋಬರ್ ರಾತ್ರಿಗಳಲ್ಲಿ ಚಳಿ ಸೊನ್ನೆಯ ಹತ್ತಿರಕ್ಕೆ ಬರುತ್ತದೆ. ಎರಡನೇ ರಾತ್ರಿ ಎರಡು ಗಂಟೆಗೆ ಹೀಟರ್ ನಿಂತಿತು.

"ಅಮ್ಮಾ, ಗ್ಯಾಸ್ ಮುಗೀತಾ?" ಎಂದಳು ಎಂಟು ವರ್ಷದ ಮಗಳು. ಒಲೆ ಹೊತ್ತಿಸಿ ನೋಡಿದೆವು, ನೀಲಿ ಉರಿ ಬಂತು. ಗ್ಯಾಸ್ ಇದೆ. ಆದರೆ ಹೀಟರಿನ ಫ್ಯಾನ್ ತಿರುಗುವುದು 12 ವೋಲ್ಟ್ ಬ್ಯಾಟರಿಯಿಂದ. ಮೀಟರ್ ಇಟ್ಟರೆ 11.6. ಸೀಸ-ಆಮ್ಲದ ಬ್ಯಾಟರಿ ತುಂಬಿದ್ದರೆ 12.6 ತೋರಿಸಬೇಕು, 12.1ಕ್ಕೇ ಅರ್ಧ ಖಾಲಿ.

ಒಲೆ ಆರಿಸಿದೆವು. ಮುಚ್ಚಿದ ಗಾಡಿಯೊಳಗೆ ಒಲೆ ಉರಿಸಿ ಚಳಿ ಕಾಯಿಸಿಕೊಳ್ಳುವುದು ಪ್ರಾಣಕ್ಕೇ ಅಪಾಯ: ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ನಮ್ಮ ಗಾಡಿಯಲ್ಲಿ ಅದನ್ನು ಎಚ್ಚರಿಸುವ ಅಲಾರಂ ಕೂಡ ಅದೇ ಬ್ಯಾಟರಿಯನ್ನು ನಂಬಿದೆ. ಇದ್ದ ರಗ್ಗುಗಳನ್ನೆಲ್ಲ ಹೊದ್ದು ನಾಲ್ವರೂ ಒಂದೇ ಹಾಸಿಗೆಯಲ್ಲಿ ಮಲಗಿದೆವು.

ಸಂಜೆ ಎರಡು ಗಂಟೆ ಜನರೇಟರ್ ಓಡಿತ್ತು. ಹಾಗಿದ್ದರೆ ಬ್ಯಾಟರಿ ತುಂಬಲಿಲ್ಲವೇಕೆ? ಬೆಳಿಗ್ಗೆ ಮಕ್ಕಳಿಗೆ ಹೇಳಿದೆ: ಬ್ಯಾಟರಿ ನೀರಿನ ತೊಟ್ಟಿ, ತಂತಿ ಪೈಪು. ನೀರು ಎಲ್ಲಿವರೆಗೆ ಬಂದಿದೆ ನೋಡೋಣ. ಜನರೇಟರ್ ಹಾಕಿ ಒಂದೊಂದೇ ಕಡೆ ಅಳೆದೆ, ಮಗಳು ಅಂಕಿ ಓದಿದಳು. ಗೋಡೆಯ ಪ್ಲಗ್ಗಿನಲ್ಲಿ 120 ವೋಲ್ಟ್. ಕನ್ವರ್ಟರಿನಿಂದ ಹೊರಗೆ 13.6. ತಂತಿಯ ತುದಿಯ ಹಿಡಿಕೆಯಲ್ಲಿ 13.6. ಅದು ಕಚ್ಚಿಕೊಂಡಿದ್ದ ಬ್ಯಾಟರಿಯ ಕಂಬದಲ್ಲಿ 11.9!

"ಪೈಪು ಇಲ್ಲೇ ಕಟ್ಟಿದೆ!"

ಹಿಡಿಕೆಯ ಸುತ್ತ ಹಸಿರು-ಬಿಳಿ ಪುಡಿ. "ಇದೇನು?" ಎಂದ ಐದು ವರ್ಷದ ಮಗ. ಅಜ್ಜಿ ಮನೆಯ ಹಿತ್ತಾಳೆ ಚೊಂಬಿಗೆ ಹಿಡಿಯುತ್ತದಲ್ಲ, ಕಿಲುಬು, ಅದರ ಜಾತಿಯದೇ ಎಂದೆ. ಜನರೇಟರ್ ಆರಿಸಿ, ಕೈಗವಸು ಹಾಕಿ, ಮೊದಲು ನೆಗೆಟಿವ್ ತಂತಿ ಬಿಚ್ಚಿದೆ. ಅಡುಗೆ ಸೋಡ ಕಲಸಿದ ನೀರಿನಲ್ಲಿ ಹಳೇ ಹಲ್ಲುಜ್ಜುವ ಬ್ರಶ್ ಅದ್ದಿ ಉಜ್ಜಿ, ಒರೆಸಿ, ಬಿಗಿ ಮಾಡಿದೆ. ಜನರೇಟರ್ ಮತ್ತೆ ಹಾಕಿ ಸ್ವಲ್ಪ ಹೊತ್ತಿಗೆ ಕಂಬದಲ್ಲೂ ಹಿಡಿಕೆಯಲ್ಲೂ ಒಂದೇ ಅಂಕಿ.

ಹೊರಡುವ ಮುನ್ನ ಒಂದು ಮೀಟರ್, ಒಂದು ಸ್ಪ್ಯಾನರ್, ಒಂದು ಪೊಟ್ಟಣ ಅಡುಗೆ ಸೋಡ ಇಟ್ಟುಕೊಳ್ಳಿ. ಅಂಕಿ ಓದುವ ಕೆಲಸ ಮಕ್ಕಳಿಗೆ ಕೊಡಿ, ಕನ್ನಡದಲ್ಲೇ ಓದಲಿ. ಸಡಿಲ, ಬಿಗಿ, ಕಿಲುಬು: ಮೂರು ಪದ ನಮ್ಮ ಮಕ್ಕಳ ಬಾಯಲ್ಲಿ ನಿಂತವು. ಮಗನಂತೂ ಈಗ ಮನೆಯ ನಲ್ಲಿಗಳನ್ನೆಲ್ಲ ಕಿಲುಬಿಗಾಗಿ ಪರೀಕ್ಷಿಸುತ್ತಿದ್ದಾನೆ.